ಐನೂರರ ಆಚೆ

ಹೊಳೆಯ ದಡದಲ್ಲಿ ಗುಣಮತಿ ಅಮ್ಮನವರ ಆಶ್ರಮ. ಲೆಕ್ಕ ಕಲಿಯಲು ಶಿಷ್ಯರು ದೂರದೂರದಿಂದ ಅಲ್ಲಿಗೆ ಬರುತ್ತಿದ್ದರು. ಅವರಲ್ಲೆಲ್ಲ ಚುರುಕಿನವಳು ಚಂದಲೆ. ಆಚೆ ದಡದ ಊರಿನವರು ತಮ್ಮ ಮಕ್ಕಳಿಗೆ ಪಾಠ ಹೇಳಲು ಅವಳೇ ಬೇಕೆಂದು ಕೇಳಿದ್ದರು.

ಕಳಿಸುವ ಮುನ್ನ ಅಮ್ಮ ಒಂದು ಸಂಖ್ಯೆ ಕೊಟ್ಟರು: ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ಹತ್ತೊಂಬತ್ತು.

"ಒಂದನ್ನೂ ಇದನ್ನೂ ಬಿಟ್ಟು, ಬೇರೆ ಯಾವ ಸಂಖ್ಯೆಯಾದರೂ ಇದನ್ನು ಶೇಷವಿಲ್ಲದೆ ಭಾಗಿಸುತ್ತದೆಯೇ? ನೋಡಿ ಹೇಳು."

ಮರುದಿನ ಚಂದಲೆ ಗಂಟು ಕಟ್ಟಿಕೊಂಡೇ ಬಂದಳು. ಎಲ್ಲರೂ ಸೇರಿದ್ದರು.

"ಯಾವುದೂ ಭಾಗಿಸುವುದಿಲ್ಲ, ಅಮ್ಮಾ. ಇದು ಅವಿಭಾಜ್ಯ."

"ಖಂಡಿತವೇ?"

"ಖಂಡಿತ. ತಪ್ಪಾದರೆ ಪಾಠ ಹೇಳುವುದನ್ನೇ ಬಿಡುತ್ತೇನೆ."

"ಎಲ್ಲಿಯವರೆಗೆ ನೋಡಿದೆ?"

"ಐನೂರರವರೆಗೆ. ಒಂದೂ ಹೊಂದಲಿಲ್ಲ. ಅದರಾಚೆ ಇನ್ನೇನು ಸಿಕ್ಕೀತು?"

"ಮುಗಿದದ್ದು ಸಂಖ್ಯೆಗಳೋ, ನಿನ್ನ ತಾಳ್ಮೆಯೋ?"



ಅಮ್ಮ ದಡದ ಜೇಡಿಮಣ್ಣನ್ನು ಬಾಚಿ ತಂದು, ಕಲ್ಲಿನ ಮೇಲೆ ಚೌಕವಾಗಿ ತಟ್ಟಿದರು.

"ಒಂದೊಂದು ಬದಿಯೂ ಸಾವಿರ ಎಂದುಕೋ. ಒಟ್ಟು ವಿಸ್ತೀರ್ಣ?"

"ಹತ್ತು ಲಕ್ಷ."

ಮೇಲಿನ ಮೂಲೆಯೊಂದರಲ್ಲಿ ಪುಟ್ಟ ಚೌಕವೊಂದನ್ನು ಕಡ್ಡಿಯಿಂದ ಕತ್ತರಿಸಿ ಹೊಳೆಗೆ ಎಸೆದರು.

"ಅದರ ಬದಿ ಒಂಬತ್ತು. ಹೋದದ್ದೆಷ್ಟು?"

"ಎಂಬತ್ತೊಂದು."

"ಉಳಿದದ್ದು?"

ಚಂದಲೆ ಮನಸ್ಸಿನಲ್ಲೇ ಕಳೆದು ನೋಡಿದಳು. ಕಲ್ಲಿನ ಮೇಲೆ ಉಳಿದಿದ್ದದ್ದು ಅವಳದೇ ಸಂಖ್ಯೆ.

ಅಮ್ಮ ಕಡ್ಡಿಯನ್ನು ಅವಳ ಕೈಗಿತ್ತರು.

ಮೂಲೆ ಹೋದ ಆ ಮಣ್ಣನ್ನೇ ಅವಳು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಖಾಲಿ ಮೂಲೆಯ ಕೆಳಗಿದ್ದ ಕಿರಿದಾದ ಪಟ್ಟಿಯನ್ನು ಉದ್ದಕ್ಕೆ ಕೊಯ್ದು, ಅಡ್ಡ ತಿರುಗಿಸಿ, ಮೇಲಂಚಿಗೆ ಕೂಡಿಸಿದಳು. ಖಾಲಿ ಮೂಲೆ ಮಾಯವಾಯಿತು. ನಾಲ್ಕೂ ಅಂಚು ನೇರವಾದ ಆಯತವೊಂದು ಅಲ್ಲಿತ್ತು.

"ಅಗಲ ಒಂಬತ್ತು ಕಡಿಮೆಯಾಯಿತು, ಉದ್ದ ಒಂಬತ್ತು ಹೆಚ್ಚಾಯಿತು," ಎಂದಳು ಮೆಲ್ಲಗೆ. "ಒಂಬೈನೂರ ತೊಂಬತ್ತೊಂದು, ಸಾವಿರದ ಒಂಬತ್ತು. ಇವೆರಡನ್ನೂ ಗುಣಿಸಿದರೆ ಅದೇ ಸಂಖ್ಯೆ."

ಗಂಟನ್ನು ಕೆಳಗಿಟ್ಟಳು.

"ಎಲ್ಲರೆದುರು ಆಡಿದ ಮಾತು, ಅಮ್ಮಾ. ನಾನು ಹೋಗುವುದಿಲ್ಲ."

"ಅದಿರಲಿ. ಈ ಒಂಬೈನೂರ ತೊಂಬತ್ತೊಂದು ಅವಿಭಾಜ್ಯವೋ, ಅಲ್ಲವೋ?"

ಉತ್ತರ ಚಂದಲೆಯ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

"ಗೊತ್ತಿಲ್ಲ, ಅಮ್ಮಾ. ನೋಡಿ ಹೇಳಬೇಕು."

ಅಮ್ಮ ಬಗ್ಗಿ ಗಂಟನ್ನೆತ್ತಿ ಅವಳ ಹೆಗಲಿಗಿಟ್ಟರು.

"ಹೊರಡು. ನೋಡುತ್ತಾ ಹೋಗು."