ಒಂದು ಗೇಣು ಉಸಿರು

ಹೊಳೆಯ ದಡದಲ್ಲಿ ಹೆಂಚಿನ ಮಾಡಿನ ಒಂದು ಕೋಣೆ. ಅದರಲ್ಲಿ ಟೇಪು ಸುತ್ತುವ ಎರಡು ಯಂತ್ರ, ಒಂದು ಮೈಕು, ಒಂದು ಬ್ಲೇಡು. ಸೆವೆರಿನ್ ಮಾಸ್ತರರು ಐವತ್ತು ವರ್ಷ ಅಲ್ಲಿ ಟೇಪಿನಲ್ಲಿ ಹಾಡು ಹಿಡಿದವರು.

ಅವರಿಗೆ ಇದ್ದದ್ದು ಒಬ್ಬಳೇ ಶಿಷ್ಯೆ, ವಾರಿಜಾ. ಬಂದು ಮೂರು ವರ್ಷವಾಗಿತ್ತು.

ಒಂದು ದಿನ ಘಟ್ಟದ ಮೇಲಿನಿಂದ ಮೊಣ್ಣಪ್ಪನ ಕಾಗದ ಬಂತು. ಮೊಣ್ಣಪ್ಪ ರಾಕ್ ಹಾಡುಗಾರ. ಇಪ್ಪತ್ತಾರರ ಹರೆಯದಲ್ಲಿ ಗಿಟಾರು ಹೊತ್ತು ಇದೇ ಕೋಣೆಗೆ ಬಂದಿದ್ದ. ಈಗ ಅವನಿಗೆ ಎಪ್ಪತ್ತು. ಹಾಡಿದ್ದೆಲ್ಲ ಇದೇ ಮೈಕಿನ ಮುಂದೆ.

ಕಾಗದದಲ್ಲಿ ಹೀಗಿತ್ತು:

"ಮಾಸ್ತರೇ, ಎಲ್ಲಿ ಹೋದರೂ ಜನ ಹಳೆಯದನ್ನು ಹಾಡು ಅನ್ನುತ್ತಾರೆ. ಹೊಸದು ಶುರು ಮಾಡಿದರೆ ಚಹಾ ಕುಡಿಯಲು ಏಳುತ್ತಾರೆ. ನನ್ನ ಹಳೆಯ ಏಳು, ಹೊಸ ಏಳು ಹಾಡು ಬೆರೆಸಿ ಒಂದು ಮಿಕ್ಸ್‌ಟೇಪ್ ಮಾಡಿಡಿ. ಭಾನುವಾರ ಬಂದು ಕೇಳುತ್ತೇನೆ. ಅದರಲ್ಲಿ ಅಂದಿನವನು ಒಬ್ಬ, ಇಂದಿನವನು ಇನ್ನೊಬ್ಬ ಎಂದು ಇಬ್ಬರು ಗಂಡಸರು ಕೇಳಿಸಿದರೆ, ಗಿಟಾರನ್ನು ಆಚೆ ದಡದ ಇಗರ್ಜಿಯ ಪಾದ್ರಿಗಳಿಗೆ ಕೊಟ್ಟು ಸುಮ್ಮನಾಗುತ್ತೇನೆ."

ಮಾಸ್ತರರು ಕಾಗದವನ್ನು ವಾರಿಜಳ ಕೈಗಿಟ್ಟರು.

"ನೀನೇ ಮಾಡು."

"ನಾನಾ? ಮಾಸ್ತರೇ, ಅವರು ಗಿಟಾರು ಬಿಟ್ಟರೆ?"

"ಬಿಟ್ಟರೆ ಬಿಟ್ಟ. ರೀಲು ಒಂದೊಂದೇ ಇರುವುದು, ಬೇರೆ ಪ್ರತಿ ಇಲ್ಲ. ಜಾಗ್ರತೆ."

ವಾರಿಜಾ ಹಳೆಯ ಏಳನ್ನು ಕ್ಯಾಸೆಟ್ಟಿನ ಒಂದು ಬದಿಗೆ, ಹೊಸ ಏಳನ್ನು ಇನ್ನೊಂದು ಬದಿಗೆ ಹಾಕಿದಳು.

ಮಾಸ್ತರರು ಕೇಳಿದರು.

"ಈ ದಡ ಮಾಡಿದ್ದೀ, ಆ ದಡವನ್ನೂ ಮಾಡಿದ್ದೀ. ದೋಣಿ ಎಲ್ಲಿ ಮಾರಾಯ್ತಿ?"

ಅವಳು ಒಂದು ಹಳೆಯದು, ಒಂದು ಹೊಸದು, ಹೀಗೆ ಜೋಡಿಸಿದಳು.

ಮಾಸ್ತರರು ಎರಡು ಬಟ್ಟಲು ಗಂಜಿ ತಂದರು. ಒಂದು ಒಲೆಯಿಂದ ಆಗಷ್ಟೇ ಇಳಿಸಿದ್ದು, ಇನ್ನೊಂದು ನಿನ್ನೆಯದು.

"ಇದರಿಂದ ಒಂದು ಚಮಚ, ಅದರಿಂದ ಒಂದು ಚಮಚ. ಉಣ್ಣು."

ಅವಳು ನಾಲ್ಕು ಚಮಚ ಉಂಡು ಬಟ್ಟಲು ಕೆಳಗಿಟ್ಟಳು.

"ಹಲ್ಲು ಜುಮ್ಮೆನ್ನುತ್ತದೆ ಮಾಸ್ತರೇ."

"ನನಗೆ ಕಿವಿ," ಎಂದು ಅವರು ಎದ್ದುಹೋದರು. ಅವತ್ತೇ ತಂಗಿಯ ಮನೆಗೆ ಹೊರಟರು. ಬರುವುದು ಎರಡು ದಿನ ಬಿಟ್ಟು.

ವಾರಿಜಾ ಒಬ್ಬಳೇ ಕೂತು ಮತ್ತೆ ಮತ್ತೆ ಕೇಳಿದಳು. ಹಾಡಿಗೂ ಹಾಡಿಗೂ ನಡುವೆ ಏನೋ ಕೆರೆಯುತ್ತಿತ್ತು. ಹಾಡುವ ಮುಂಚೆ ಮೊಣ್ಣಪ್ಪ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಬಡಿದ ಸದ್ದು, ಕುರ್ಚಿಯ ಕಿರ್ ಎಂಬ ಸದ್ದು, ಉಸಿರು ಎಳೆದುಕೊಳ್ಳುವ ಸದ್ದು.

ಕಸ ಅದೇ, ಅಂದುಕೊಂಡಳು.

ಬ್ಲೇಡು ತೆಗೆದಳು. ಹದಿನಾಲ್ಕು ಹಾಡುಗಳ ಮುಂದಿನ ಆ ಚೂರುಗಳನ್ನೆಲ್ಲ ಕತ್ತರಿಸಿ ನೆಲಕ್ಕೆ ಬಿಟ್ಟಳು. ಈಗ ಪ್ರತಿ ಹಾಡೂ ಮೊದಲ ಅಕ್ಷರದಿಂದಲೇ ಶುರುವಾಗುತ್ತಿತ್ತು. ತೊಳೆದಿಟ್ಟ ಲೋಟದ ಹಾಗೆ.

ಶನಿವಾರ ಬೆಳಿಗ್ಗೆ ಮಾಸ್ತರರು ಬಂದರು. ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು ಓಡುತ್ತಿದ್ದ ಟೇಪು ಕೇಳಿದರು.

"ಇದು ಯಾರು ಹಾಡುವುದು?"

"ಮೊಣ್ಣಪ್ಪನವರು."

"ಯಾವಾಗ ತೀರಿಕೊಂಡ?"

ವಾರಿಜಾ ಗಾಬರಿಯಾದಳು. "ಅಯ್ಯೋ, ಎಂತ ಹೇಳ್ತೀರಿ ಮಾಸ್ತರೇ! ನಾಳೆ ಬರ್ತಾರಲ್ಲ!"

"ಮತ್ತೆ ಯಾಕೆ ಉಸಿರಾಡುತ್ತಿಲ್ಲ?"

ಅವಳಿಗೆ ನೆಲದತ್ತ ನೋಡಲು ಹೆದರಿಕೆಯಾಯಿತು. ನೆಲ ಗುಡಿಸಿ ಆಗಿತ್ತು.

ಮಾಸ್ತರರು ಹಿತ್ತಲಿಗೆ ಹೋದರು. ತೆಂಗಿನ ಬುಡದಲ್ಲಿ ಕಸದ ಬುಟ್ಟಿಯನ್ನು ಸುರಿದು ಕೂತರು. ಬಾಳೆಹಣ್ಣಿನ ಸಿಪ್ಪೆ, ಚಹಾದ ಚರಟ, ನಡುವೆ ಕಂದು ಬಣ್ಣದ ಚೂರುಗಳು. ಒಂದೊಂದನ್ನೇ ಹೆಕ್ಕಿ ಪಂಚೆಗೆ ಒರೆಸಿ ಅವಳ ಅಂಗೈಗೆ ಇಟ್ಟರು. ಹದಿನಾಲ್ಕೂ ಸಿಕ್ಕಿದವು.

"ಅಳತೆ ಮಾಡು."

ಒಂದೊಂದೂ ಹೆಚ್ಚುಕಡಿಮೆ ಅವಳ ಒಂದು ಗೇಣು ಇತ್ತು.

"ಯಾವ ಹಾಡಿನದು ಯಾವುದು ಅಂತ ಗುರುತು ಹಾಕಿಟ್ಟಿದ್ದೀಯಾ?"

"ಇಲ್ಲ. ಎಲ್ಲ ಬೆರಕೆಯಾಗಿದೆ ಮಾಸ್ತರೇ. ನಾನು ಹಾಳು ಮಾಡಿದೆ."

"ಹಾಳಾದದ್ದು ಆಮೇಲೆ ನೋಡುವ. ಮೊದಲು ಇದನ್ನೇ ಅಂಟಿಸಿ ಕೇಳು. ಹಳೆಯ ಉಸಿರು ಈಚೆ ಇಡು, ಹೊಸತು ಆಚೆ ಇಡು. ಅಷ್ಟು ಮಾಡಿದರೆ ಸಾಕು."

ಅವಳು ಹದಿನಾಲ್ಕು ಗೇಣುಗಳನ್ನು ಒಂದಕ್ಕೊಂದು ಅಂಟಿಸಿ ಯಂತ್ರಕ್ಕೆ ಏರಿಸಿದಳು.

ಟಕ್ ಟಕ್, ಒಂದು ಉಸಿರು. ಟಕ್ ಟಕ್, ಇನ್ನೊಂದು. ಹಾಡಿಲ್ಲ, ಗಿಟಾರಿಲ್ಲ. ಹದಿನಾಲ್ಕು ಸಲ ಒಬ್ಬ ಮನುಷ್ಯ ಹಾಡಲು ಸಿದ್ಧನಾಗುತ್ತಿದ್ದ.

ಮುದುಕನದು ಗೊತ್ತಾಗಿಯೇ ಆಗುತ್ತದೆ, ಅಂದುಕೊಂಡಿದ್ದಳು. ಗೊತ್ತಾಗಲಿಲ್ಲ. ಮತ್ತೆ ಹಾಕಿದಳು. ಆಗಲೂ ಇಲ್ಲ. ಧ್ವನಿ ಒಡೆದಿತ್ತು, ಕೀಲು ಸವೆದಿತ್ತು. ಆದರೆ ಬಾಯಿ ತೆರೆಯುವ ಮುಂಚಿನ ಆ ಒಂದು ಗೇಣಿನಲ್ಲಿ ನಲವತ್ತನಾಲ್ಕು ವರ್ಷ ಎಲ್ಲೂ ಕೂತಿರಲಿಲ್ಲ.



"ಬೇರೆ ಮಾಡಿದೆಯಾ?" ಅಡುಗೆಕೋಣೆಯಿಂದ ಮಾಸ್ತರರು ಕೂಗಿದರು.

ಅವಳು ಅಂಟು ಬಿಡಿಸಿ ಹದಿನಾಲ್ಕೂ ಗೇಣುಗಳನ್ನು ಒಂದೇ ಸಾಲಿನಲ್ಲಿ ಇಟ್ಟಳು.



ಊಟ ಬಿಟ್ಟು ಕೂತಳು. ಯಾವ ಹಾಡು ಹೊಸದು, ಯಾವುದು ಹಳೆಯದು ಎಂಬುದನ್ನು ನೋಡುವುದನ್ನೇ ಬಿಟ್ಟಳು. ಒಂದು ಹಾಡು ಕೊನೆಯಲ್ಲಿ ಉಸಿರು ಬಿಟ್ಟಲ್ಲಿ, ಯಾವ ಹಾಡಿಗೆ ಉಸಿರು ಎಳೆದುಕೊಳ್ಳಬೇಕೆನಿಸುತ್ತದೋ ಅದನ್ನು ಇಟ್ಟಳು. ಗೇಣುಗಳನ್ನು ಎಲ್ಲಿ ಕೂರುತ್ತವೋ ಅಲ್ಲಿ ಅಂಟಿಸಿದಳು. ಒಂದೂ ಒಲ್ಲೆನೆನ್ನಲಿಲ್ಲ. ಮೊದಲಿಗೆ ಇಟ್ಟ ಅವನ ಮೊಟ್ಟಮೊದಲ ಹಾಡು 'ಲಾರಿ ದೀಪ' ಮುಗಿದ ಕೂಡಲೇ ಈ ವರ್ಷದ 'ಮಂಡಿ ನೋವು' ಬಂತು. ಅದೇ ಲಾರಿ ಇಳಿದು ನಡೆದುಕೊಂಡು ಬಂದ ಹಾಗೆ.

ಕ್ಯಾಸೆಟ್ಟಿಗೆ ಇಳಿಸಿ ಮುಗಿಯುವಾಗ ಭಾನುವಾರ ಬೆಳಕು ಹರಿದಿತ್ತು. ಕೊನೆಯ ಸಲ ಮೊದಲಿನಿಂದ ಹಾಕಿ ಕೇಳಿದಳು.

ಟಕ್ ಟಕ್. ಉಸಿರು. ಅದರ ಜೊತೆಗೆ, ಇಷ್ಟು ಹೊತ್ತು ಉಸಿರಿನ ಗುಂಗಿನಲ್ಲಿ ಗಮನಿಸದಿದ್ದ ಒಂದು ಸಣ್ಣ ಕಿಣಿ.

ಅವಳು ಬೆಚ್ಚಿದಳು. ಅದು ಅವಳದೇ ಬಳೆ.

ಈ ವರ್ಷ 'ಮಂಡಿ ನೋವು' ಹಿಡಿಯುವಾಗ ಮೈಕು ಸರಿಸಲು ಹೋಗಿ ಬಳೆ ತಾಗಿತ್ತು. ಮಾಸ್ತರರು ಬೈದಿದ್ದರು. ಅವತ್ತಿನಿಂದ ಅವಳು ಬಲಗೈಗೆ ಬಳೆ ತೊಡುತ್ತಿರಲಿಲ್ಲ. ಆ ಗೇಣು ಈಗ 'ಲಾರಿ ದೀಪ'ದ ಮುಂದೆ ಕೂತಿತ್ತು. ಆ ಹಾಡು ಹಾಡಿದಾಗ ಅವಳು ಹುಟ್ಟಿರಲೇ ಇಲ್ಲ.

"ಮಾಸ್ತರೇ, ತಪ್ಪಾಗಿದೆ—"

ಹೊಳೆಯಲ್ಲಿ ಆಗಲೇ ದೋಣಿ ಕಾಣಿಸಿತ್ತು.

ಮೊಣ್ಣಪ್ಪ ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಕೈ ಖಾಲಿ ಇತ್ತು.

"ಗಿಟಾರು ಎಲ್ಲಿ?" ಮಾಸ್ತರರು ಕೇಳಿದರು.

"ದೋಣಿಯಲ್ಲೇ ಬಿಟ್ಟೆ. ಹೇಗೂ ಆಚೆ ದಡಕ್ಕೆ ಹೋಗುವುದೇ ತಾನೆ."

"ಚಹಾ?"

"ಹೊಸ ಹಾಡು ಬಂದಾಗ ಕುಡಿಯುತ್ತೇನೆ. ಅದೇ ಅಲ್ಲವೇ ಪದ್ಧತಿ?"

ವಾರಿಜಾ ಕ್ಯಾಸೆಟ್ ಹಾಕಿದಳು.

ಟಕ್ ಟಕ್. ಉಸಿರು. ಕಿಣಿ. ಇಪ್ಪತ್ತಾರರ ಧ್ವನಿ ಎದ್ದು ಹೆಂಚಿಗೆ ಬಡಿಯಿತು.

ಮೊಣ್ಣಪ್ಪ ತಲೆ ತಗ್ಗಿಸಿ ಕೂತಿದ್ದ. ಆ ಹಾಡು ಮುಗಿಯುತ್ತಿದ್ದಂತೆ ಅವನ ಹಿಮ್ಮಡಿ ತಾನಾಗಿ ಎರಡು ಸಲ ನೆಲಕ್ಕೆ ಬಡಿಯಿತು. ಎದೆ ಉಬ್ಬಿತು. ಯಂತ್ರದೊಳಗಿನವನೂ ಕೋಣೆಯೊಳಗಿನವನೂ ಒಟ್ಟಿಗೆ ಉಸಿರೆಳೆದರು. 'ಮಂಡಿ ನೋವು' ಶುರುವಾಯಿತು.

ಚಹಾ ಯಾರೂ ಮುಟ್ಟಲಿಲ್ಲ. ಹದಿನಾಲ್ಕೂ ಮುಗಿದವು.

ಮೊಣ್ಣಪ್ಪ ತಲೆ ಎತ್ತಿ ಕೇಳಿದ: "ಮೊದಲಿಗೆ ಒಂದು ಬಳೆ ಕೇಳಿತಲ್ಲ. ಅದು ಯಾರದು?"

"ನನ್ನದು," ಎಂದಳು ವಾರಿಜಾ. "ಉಸಿರು ಅದಲುಬದಲಾಗಿದೆ. ನಿಮ್ಮ ಮೊದಲ ಹಾಡಿಗೆ ಈ ವರ್ಷದ್ದು ಅಂಟಿಸಿಬಿಟ್ಟೆ. ಮೊದಲಿನದು ಎಲ್ಲಿ ಹೋಗಿದೆಯೋ ಗೊತ್ತಿಲ್ಲ. ಕ್ಷಮಿಸಬೇಕು."

"ನನಗೆ ಗೊತ್ತಾಗಲಿಲ್ಲ."

"ನನಗೂ ಬಳೆಯಿಂದಲೇ ಗೊತ್ತಾದದ್ದು."

ಮೊಣ್ಣಪ್ಪ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡ. ಒಳಗೆ ಯಾರೋ ಇದ್ದಾರೆಯೇ ಎಂದು ಬಾಗಿಲು ಮುಟ್ಟಿ ನೋಡುವವನ ಹಾಗೆ. ಆಮೇಲೆ ಎದ್ದ. ಮಂಡಿ ಲಟಕ್ಕೆಂದಿತು.

"ಗಿಟಾರು ಬಿಸಿಲಲ್ಲಿ ಉಳಿಯಿತು. ತರುತ್ತೇನೆ."

"ನಾನು ತರುತ್ತೇನೆ, ನೀವು ಕೂತುಕೊಳ್ಳಿ," ಎಂದಳು ವಾರಿಜಾ.

"ಬೇಡ ಮಗಳೇ. ಅದು ನನ್ನದು."

ಅವನು ಇಳಿದುಹೋದ. ವಾರಿಜಾ ಓಡಿ ಹೊಸ ರೀಲು ಏರಿಸಿದಳು, ಮೈಕನ್ನು ಬಾಗಿಲ ಕಡೆಗೆ ತಿರುಗಿಸಿದಳು, ಹಾಡು ಹಿಡಿಯುವ ಗುಂಡಿಯ ಮೇಲೆ ಬೆರಳಿಟ್ಟು ಕೂತಳು.

ಕೆಳಗಿನಿಂದ ಮೆಟ್ಟಿಲು ಹತ್ತುವ ಸದ್ದು ಬಂತು. ಒಂದು ಹೆಜ್ಜೆ, ಏದುಸಿರು. ಇನ್ನೊಂದು ಹೆಜ್ಜೆ, ಏದುಸಿರು.

"ಮಾಸ್ತರೇ," ಅವಳು ಪಿಸುಗುಟ್ಟಿದಳು, "ಹಾಡು ಶುರುವಾದ ಕೂಡಲೇ ಒತ್ತಲೇ?"

"ಶುರುವಾಗಿ ಎಷ್ಟೋ ಹೊತ್ತಾಯಿತು ಮಾರಾಯ್ತಿ. ಒತ್ತು."