ಮೆಸ್ಸೀಯನಾಗಲು ಹೊರಟ ದೊರೆ

ಹೊಗಳಿಕೆ ಕೇಳದಿದ್ದರೆ ಬಾರ್ಕಳಪಟ್ಟಣದ ದೊರೆ ವೀರಭುಜಂಗರಾಯನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಒಂದು ದಿನ ತುಂಬಿದ ಸಭೆಯಲ್ಲಿ ಮೀಸೆ ತಿರುವಿ ಗುಡುಗಿದ.

"ನಿನ್ನೆ ಬಂದರು ಬೀದಿಯ ಯಹೂದಿಗಳು ಹಬ್ಬ ಮಾಡಿದರು. ಬಾಗಿಲು ತೆರೆದಿಟ್ಟು, ಬಟ್ಟಲ ತುಂಬ ದ್ರಾಕ್ಷಾರಸ ಇಟ್ಟು ಕಾಯುತ್ತಿದ್ದರು. ಯಾರಿಗೆ ಅಂದರೆ, ಲೋಕ ಉದ್ಧರಿಸುವ ರಾಜ ಬರುತ್ತಾನಂತೆ, ಮೆಸ್ಸೀಯ! ಅವನ ಸುದ್ದಿ ತರುವ ದೂತನಿಗಂತೆ! ಪಕ್ಕದ ಮನೆ ಕ್ರೈಸ್ತರೂ ಕಾಯುವವರೇ. ನಾನಿರುವಾಗ ಇನ್ನೊಬ್ಬ ರಾಜನೇ? ಅವನು ನಾನೇ! ನಾಳೆ ಆ ಬೀದಿಯವರು ಬಂದು ಒಪ್ಪಲಿ. ಇಲ್ಲವೇ ಊರು ಬಿಡಲಿ."

ಸಭೆಯೆಲ್ಲ "ಹೌದು ಹೌದು" ಎಂದಿತು. ವಿದೂಷಕ ಕೇತಯ್ಯನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಆ ಬೀದಿಯಲ್ಲೇ ಆಡಿ ಬೆಳೆದವನು ಅವನು. "ಈ ಮಹಾನುಭಾವನ ಜಂಬಕ್ಕೆ ಅವರೇಕೆ ಗಂಟುಮೂಟೆ ಕಟ್ಟಬೇಕು?" ಎಂದು ಗೊಣಗುತ್ತ ಅಲ್ಲಿಗೇ ನಡೆದ.

ಅಲ್ಲಿ ಜಗಲಿಯ ಮೇಲೆ ಯಹೂದಿ ಹಿರಿಯ ಮೋರ್ದೆಕಾಯಿಗೂ ಕ್ರೈಸ್ತರ ಇನಾಸಾಬಾಯಿಗೂ ಎಂದಿನ ಜಗಳ ನಡೆದಿತ್ತು.

"ಅವನಿನ್ನೂ ಬಂದೇ ಇಲ್ಲ ಕಣಮ್ಮ!"

"ಬಂದಾಯ್ತು ಕಣಯ್ಯ, ಯೇಸುವೇ ಅವನು. ಮತ್ತೆ ಬರ್ತಾನೆ!"

"ಜಗಳ ಆಮೇಲೆ ಆಡಿ," ಎಂದು ಕೇತಯ್ಯ ದೊರೆಯ ಮಾತನ್ನೆಲ್ಲ ತಿಳಿಸಿದ. "ಬಂದವನು ಅವನೇ ಅಂತ ಹೇಗೆ ಗೊತ್ತಾಗುತ್ತೆ, ಅದನ್ನು ಹೇಳಿ." ಇಬ್ಬರೂ ಹೇಳಿದರು. ಕೇಳುತ್ತ ಕೇಳುತ್ತ ಕೇತಯ್ಯನ ಮುಖ ಅರಳಿತು.

ಮರುದಿನ ಬೀದಿಯವರ ಪರವಾಗಿ ಆ ಇಬ್ಬರು ಹಿರಿಯರೂ ಸಭೆಗೆ ಬಂದರು. ಅವರ ಹಿಂದೆಯೇ ಕೇತಯ್ಯ, ಜೊತೆಗೆ ತಿದಿ, ಸುತ್ತಿಗೆ ಹೊತ್ತ ಕಮ್ಮಾರ ಬೈರೋಜ.

"ಇವನ್ಯಾಕೋ ಇಲ್ಲಿ?" ಎಂದ ದೊರೆ.

"ಮೆಸ್ಸೀಯ ಬಂದಮೇಲೆ ಯುದ್ಧವೇ ಇರೋದಿಲ್ಲವಂತೆ ಮಹಾಸ್ವಾಮಿ. ಕತ್ತಿಗಳನ್ನೆಲ್ಲ ಬಡಿದು ನೇಗಿಲ ಗುಳ ಮಾಡ್ತಾರಂತೆ. ಮೋರ್ದೆಕಾಯಿಯವರ ಪ್ರವಾದಿಯ ಮಾತು. ಎಲ್ಲಿ, ಮೊದಲು ತಮ್ಮ ಕತ್ತಿ ಕೊಡಿ. ಆಮೇಲೆ ಆಯುಧಶಾಲೆಗೆ ಹೋಗೋಣ."

ದೊರೆ ಕತ್ತಿಯನ್ನು ಅಪ್ಪಿ ಹಿಡಿದ. "ಕತ್ತಿಯಿಲ್ಲದ ದೊರೆಗೆ ಯಾರೋ ಹೆದರ್ತಾರೆ? ನಾನು ಯಹೂದಿಗಳ ಮೆಸ್ಸೀಯ ಅಲ್ಲ. ಕ್ರೈಸ್ತರವನು!"

"ಹಾಗೇ ಆಗಲಿ. ಬೈರೋಜ, ಮೊಳೆ ತೆಗಿ."

ಗೇಣುದ್ದದ ಮೊಳೆಗಳು ಠಣ್ಣೆಂದು ನೆಲಕ್ಕೆ ಬಿದ್ದವು.

"ಇದ್ಯಾಕೋ?"

"ಇನಾಸಾಬಾಯಿಯವರ ಯೇಸುವನ್ನು ಶಿಲುಬೆಗೆ ಜಡಿದಿದ್ದರು. ಅವನ ಕೈಗಳಲ್ಲಿ ಮೊಳೆಯ ಗಾಯ ಇದೆ, ಅದೇ ಗುರುತು. ತಮ್ಮ ಅಂಗೈ ಬೆಣ್ಣೆಯ ಹಾಗೆ ನುಣ್ಣಗಿದೆಯಲ್ಲ, ಮಹಾಸ್ವಾಮಿ! ಒಂದು ಗಳಿಗೆ ಕೈ ಚಾಚಿದರೆ..."

ದೊರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. "ನಾನು ಅವನೂ ಅಲ್ಲ! ಯಾರೂ ಅಲ್ಲ!"

"ಹಾಗಾದರೆ ಬೀದಿಯವರು?"

"ಇರಲಿ ಮಾರಾಯ, ಅಲ್ಲೇ ಇದ್ದು ಕಾಯಲಿ! ಮೊದಲು ಆ ಮೊಳೆ ಆಚೆ ಒಯ್ಯಿ!"

ಬೈರೋಜ ಮೊಳೆ ಬಾಚಿಕೊಂಡು ಹೋದಮೇಲೆಯೇ ದೊರೆಗೆ ಉಸಿರು ಬಂತು. ಬೆವರು ಒರೆಸಿಕೊಂಡು ಕೇಳಿದ: "ಅಲ್ಲಯ್ಯಾ ಕೇತಯ್ಯ, ಒಬ್ಬರು ಬಂದಿಲ್ಲ ಅಂತಾರೆ, ಇನ್ನೊಬ್ಬರು ಬಂದ ಅಂತಾರೆ. ಇವರು ಯಾವುದನ್ನೂ ಒಟ್ಟಿಗೆ ಒಪ್ಪೋದೇ ಇಲ್ಲವೇ?"

"ತಲೆತಲಾಂತರದಿಂದ ಒಪ್ಪಿರಲಿಲ್ಲ ಮಹಾಸ್ವಾಮಿ. ತಮ್ಮ ದಯದಿಂದ ನಿನ್ನೆ ಒಂದು ಮಾತಿಗೆ ಒಪ್ಪಿದರು."

"ಯಾವ ಮಾತು?"

"ಅವನು ತಾವಂತೂ ಅಲ್ಲ ಅಂತ."