ಗುಬ್ಬಿಗುಡ್ಡದ ಗೋಡೆ

ಗುಬ್ಬಿಗುಡ್ಡ ಹೆಸರಿಗೆ ತಕ್ಕ ಗುಡ್ಡ. ಉಂಡು ಅಡ್ಡಾಡಲು ಹೊರಟವರೂ ತುದಿ ಮುಟ್ಟಿ ಬರಬಹುದು. ಆದರೂ ಸುತ್ತಲಿನ ಊರುಗಳಿಗೆ ಅದೇ ಕೈಲಾಸ. ಸಂಜೆ ಅದರ ನೆತ್ತಿಯ ಮೇಲೆ ದೀಪ ಬೆಳಗಿದಾಗ, ಅದನ್ನು ತೋರಿಸಲೆಂದೇ ಹಸುಗೂಸನ್ನು ಮೊದಲ ಸಲ ಅಂಗಳಕ್ಕೆ ತರುವರು. ಅಲ್ಲಿಯವರೆಗೆ ಕೂಸು ಹೊಸಿಲು ದಾಟುವಂತಿಲ್ಲ.

ಪೂಜ್ಯ ನೀಲಾಂಬಿಕೆ ತಾಯಿಯವರು ಆ ದೀಪದ ಪಕ್ಕದ ಕಲ್ಲುಗವಿಯಲ್ಲಿ ಬತ್ತಿ ಹೊಸೆಯುತ್ತ ಇದ್ದರು. ದೂರದ ಸಂಚಾರ ಮುಗಿಸಿ ಅವರು ಮರಳಿದ ದಿನವೇ, ಸಂಜೆ, ಬಾಗೇಪುರದ ಹತ್ತಿ ವ್ಯಾಪಾರಿ ಅಡಿವೆಪ್ಪ ಮುಖ ಗಂಟಿಕ್ಕಿಕೊಂಡು ಗುಡ್ಡ ಹತ್ತಿದ.

ಅವನ ಒಬ್ಬಳೇ ಮಗಳನ್ನು ಕೊಟ್ಟದ್ದು ಗುಡ್ಡದಾಚೆಯ ನಂದಿಹಾಳಕ್ಕೆ. ಗುಡ್ಡ ಯಾರದೆಂದು ಎರಡೂ ಊರುಗಳು ಜಗಳಕ್ಕೆ ಬಿದ್ದ ಮೇಲೆ, ಬಾಣಂತನಕ್ಕೆ ತವರಿಗೆ ಬರಬೇಕಾದವಳು ಗಂಡನ ಮನೆಯಲ್ಲೇ ಹೆತ್ತಳು. ಮೊಮ್ಮಗಳ ಮುಖ ಕಾಣದೆ ಅಡಿವೆಪ್ಪನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ತಾನಾಗಿ ಹೋಗಲು ಬಿಂಕ. ಹೇಳಿಕಳಿಸಿದಾಗಲೆಲ್ಲ ಬೀಗರದು ಒಂದೇ ಉತ್ತರ: ಕೂಸು ಇನ್ನೂ ಹೊಸಿಲು ದಾಟಿಲ್ಲ. ಇದೆಲ್ಲ ನೆಪವೆಂದೂ, ನೀವಾದರೂ ಬೀಗರಿಗೆ ಬುದ್ಧಿ ಹೇಳಬೇಕೆಂದೂ ಅವನು ತಾಯಿಯವರಲ್ಲಿ ದೂರಿದ.

ತಾಯಿಯವರು ದೀಪ ಹಚ್ಚಿದರು. ಅದರ ಬೆನ್ನಿಗೆ ಕಲ್ಲು ಪೇರಿಸಿದ ಹೊಸ ಗೋಡೆಯೊಂದಿತ್ತು. ಅವರಿಲ್ಲದಾಗ ಅಡಿವೆಪ್ಪನೇ ಮುಂದೆ ನಿಂತು ಕಟ್ಟಿಸಿದ್ದು. ಗಾಳಿಗೆ ಅಡ್ಡವೆಂಬುದು ಹೊರಗಿನ ಮಾತು. ನಂದಿಹಾಳಕ್ಕೆ ಬೆಳಕು ಸಿಗದಿರಲಿ ಎಂಬುದು ಒಳಗಿನದು.

“ಗ್ವಾಡಿ ಆಚಿಕಡಿ ಹೋಗಿ ಒಂದಿಷ್ಟು ನಿಂತು ಬಾ, ಅಡಿವೆಪ್ಪ,” ಎಂದರು ತಾಯಿಯವರು.

ಅವನು ಗೊಣಗುತ್ತಲೇ ಹೋದ. ಅಲ್ಲಿ ಕಾಲಡಿಯ ದಾರಿಯೂ ಕಾಣದಷ್ಟು ಕತ್ತಲೆ. ಕೆಳಗೆ ನಂದಿಹಾಳದ ಮನೆಗಳು, ಅವುಗಳಲ್ಲೊಂದು ಮಗಳದು. ತಿರುಗಿ ಬಂದವನ ದನಿ ಇಳಿದಿತ್ತು.

“ದೀಪ ಕಾಣಲಿಲ್ಲವ್ವಾ.”

“ಕೂಸಿಗೂ ಕಂಡಿಲ್ಲಪ್ಪ.”

ಅಡಿವೆಪ್ಪನಿಗೆ ಆಗ ಹೊಳೆಯಿತು. ಬೀಗರು ಸುಳ್ಳು ಹೇಳಿರಲಿಲ್ಲ. ಮೊಮ್ಮಗಳನ್ನು ಒಳಗೆ ಕೂಡಿಹಾಕಿದವನು ಅವನೇ.

ಹೆಗಲ ಶಲ್ಯವನ್ನು ನೆಲಕ್ಕೆಸೆದು ಕಲ್ಲು ಕೀಳತೊಡಗಿದ. ಹತ್ತಿಯನ್ನಷ್ಟೇ ಹಿಡಿದು ಗೊತ್ತಿದ್ದ ಕೈ ತರಚಿ ರಕ್ತ ಬಂದರೂ ನಿಲ್ಲಿಸಲಿಲ್ಲ. ತಾಯಿಯವರು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಕೊನೆಯ ಸಾಲು ಉರುಳಿದಾಗ ಬೆಳಕು ಆಚೆಯ ಇಳಿಜಾರಿಗೂ ಬಿತ್ತು.

ಸ್ವಲ್ಪ ಹೊತ್ತಿಗೆ ನಂದಿಹಾಳದ ಒಂದು ಬಾಗಿಲು ತೆರೆಯಿತು. ಲಾಟೀನೊಂದು ಹೊಸಿಲು ದಾಟಿ ಅಂಗಳದ ನಡುವೆ ನಿಂತಿತು.

ಅಡಿವೆಪ್ಪ ತಾಯಿಯವರ ಪಾದಕ್ಕೆ ಹಣೆ ಹಚ್ಚಿದ. ಆಮೇಲೆ ಶಲ್ಯವನ್ನೂ ಮರೆತು ಆಚೆಯ ದಾರಿಯಿಂದಲೇ ಇಳಿದು ಹೋದ.